ಸ್ಪೀಕರಿನ ಮುಂದೆ ಒಂದು ಸದ್ದು, ಪಕ್ಕದಲ್ಲಿ ಇನ್ನೊಂದು

ಸ್ಟೇಷನ್ ಸಿಗದ ಕಡೆ ಎಫ್‌ಎಂ ರೇಡಿಯೊ 'ಸ್ಸ್' ಎನ್ನುತ್ತದಲ್ಲ, ಆ ಸದ್ದನ್ನು ಸ್ಪೀಕರಿನಲ್ಲಿ ಹಾಕಿ ಎದುರಿಗೆ ನಿಲ್ಲಿ. ಈಗ ಮೆಲ್ಲಗೆ ಅದರ ಪಕ್ಕಕ್ಕೆ ಸುತ್ತಿ ಬನ್ನಿ. ಸದ್ದಿನ ಮೊನಚು ಹೋಗಿ, ಕಂಬಳಿ ಹೊದಿಸಿದಂತೆ ಮಂಕಾಗುತ್ತದೆ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಅದುರುವ ಸದ್ದಿನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಕೆಳಸ್ವರಗಳನ್ನು ನುಡಿಸುವ ಗೇಣಗಲದ ವೂಫರ್ ಅದರ ಮುಂದೆ ಬರೀ ಚುಕ್ಕೆ, ಸದ್ದು ಸುತ್ತಲೂ ಹರಡುತ್ತದೆ. 10,000 ಹರ್ಟ್ಸ್‌ಗೆ ಬಂದರೆ ಅಲೆ ಮೂರೂವರೆ ಸೆಂಟಿಮೀಟರ್ ಕೂಡ ಇಲ್ಲ. ಆಗ ವೂಫರಿನ ಕೋನಿನ (ಅದುರಿ ಸದ್ದು ಹೊರಡಿಸುವ ಶಂಕುವಿನ) ಈ ಅಂಚಿನ ಸದ್ದೂ ಆ ಅಂಚಿನ ಸದ್ದೂ ನೇರ ಎದುರಿಗೆ ಒಟ್ಟಿಗೇ ತಲುಪುತ್ತವೆ, ಪಕ್ಕಕ್ಕೆ ಮಾತ್ರ ಹಿಂದುಮುಂದಾಗಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಅದಕ್ಕೇ ಕೀರಲು ಸ್ವರಗಳಿಗೆ 25 ಮಿಲಿಮೀಟರಿನ ಪುಟ್ಟ ಟ್ವೀಟರ್.

ತೊಡಕು ಇರುವುದು ವೂಫರ್ ಟ್ವೀಟರಿಗೆ ಕೆಲಸ ಒಪ್ಪಿಸುವ 2,000–3,000 ಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿ ವೂಫರಿನ ಸದ್ದಿನ ಹರಹು ಆಗಲೇ ಕಿರಿದಾಗಿರುತ್ತದೆ, ಟ್ವೀಟರಿನದು ದಿಢೀರನೆ ಅಗಲವಾಗುತ್ತದೆ. ನೇರ ಎದುರಿನ ಅಳತೆ ಎಷ್ಟೇ ಸಮವಾಗಿದ್ದರೂ ಗೋಡೆಗೆ ಬಡಿದು ಬರುವ ಸದ್ದಿನ ಬಣ್ಣ ಬೇರೆಯೇ. ಮನೆಯಲ್ಲಿ ನಾವು ಕೇಳುವುದರಲ್ಲಿ ದೊಡ್ಡ ಪಾಲು ಗೋಡೆಯದು! ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಕೇಳಿಸಿದಾಗ, ಎದುರಿಗೂ ಪಕ್ಕಕ್ಕೂ ಏರುಪೇರಿಲ್ಲದೆ ನುಡಿಯುವವನ್ನೇ ಜನ ಮೆಚ್ಚಿದರು. ಟ್ವೀಟರಿನ ಸುತ್ತ ತಟ್ಟೆಯಂತೆ ತಗ್ಗು ಮಾಡಿ, ಅದರ ಹರಹನ್ನು ವೂಫರಿನ ಅಳತೆಗೆ ಇಳಿಸುವ ವೇವ್‌ಗೈಡ್ ಈ ಬೆಸುಗೆಗೆ ಒಳ್ಳೆಯ ಉಪಾಯ. ದುಬಾರಿ ಕೇಬಲ್ಲಿಗೆ ಸುರಿಯುವ ಹಣವನ್ನು ಇಂಥ ಸ್ಪೀಕರಿಗೆ ಹಾಕುವುದೇ ಮೇಲು ಎನ್ನುವವನು ನಾನು.

ಇನ್ನು ವಿರೂಪ, ಅಂದರೆ ಮೂಲದಲ್ಲಿಲ್ಲದ ಸದ್ದು ಬೆರೆಯುವುದು. ಜಾಹೀರಾತಿನ 'ಶೇ 0.01' ಸಾಮಾನ್ಯವಾಗಿ ಆಂಪ್ಲಿಫೈಯರಿನದು. ಜೋರಾಗಿ ಬಾಸ್ ಹಾಕಿದರೆ ಸ್ಪೀಕರ್ ಸಲೀಸಾಗಿ ಶೇಕಡಾ ಒಂದನ್ನು ದಾಟುತ್ತದೆ. ಅಷ್ಟೇ ಜೋರಿನಲ್ಲಿ 100ರ ಬದಲು 50 ಹರ್ಟ್ಸ್ ನುಡಿಸಲು ಕೋನ್ ನಾಲ್ಕು ಪಟ್ಟು ದೂರ ಹೋಗಿಬರಬೇಕು. ಅಷ್ಟು ದೂರದಲ್ಲಿ ಕೋನನ್ನು ತಳ್ಳುವ ತಂತಿಯ ಸುರುಳಿ ಅಯಸ್ಕಾಂತದ ಹಿಡಿತದಿಂದ ಜಾರುತ್ತದೆ. ಮೂಲ ಸ್ವರದ ಎರಡರಷ್ಟು ಹರ್ಟ್ಸ್‌ನಲ್ಲಿ ಹುಟ್ಟುವ ಕಲಬೆರಕೆಯನ್ನು ಕಿವಿ ಬಹುಪಾಲು ಕ್ಷಮಿಸುತ್ತದೆ, ಮೂಲ ಸ್ವರವೇ ಅದನ್ನು ಮರೆಮಾಡುತ್ತದೆ. ಕ್ಷಮಿಸದಿರುವುದು ಇನ್ನೊಂದಿದೆ. ಒಂದೇ ಕೋನ್ ಮೃದಂಗದ ಎಡಮುಖದ ಗುಂಯ್‌ಕಾರವನ್ನೂ ಗಾಯಕಿಯ ಕಂಠವನ್ನೂ ಹೊತ್ತಾಗ, ಪ್ರತಿ ಪೆಟ್ಟಿಗೂ ಕಂಠ ಒರಟಾಗುತ್ತದೆ. ವಾಲ್ಯೂಮ್ ತಗ್ಗಿಸಿ, ಅಥವಾ ಕೆಳಸ್ವರಗಳನ್ನು ಬೇರೆ ಸಬ್‌ವೂಫರಿಗೆ ಒಪ್ಪಿಸಿ. ಅದೇ ಕಂಠ ಮತ್ತೆ ತಿಳಿಯಾಗುತ್ತದೆ.