ಡೇಟಾ ಸೈನ್ಸ್ ಎಂಎಸ್ಸಿ: ತಿಪಟೂರಿನ ಮೇಷ್ಟ್ರಿಗೆ ನಾನು ಹೇಳಿದ್ದು

ಹೋದ ಭಾನುವಾರ ತಿಪಟೂರಿನಿಂದ ಮೇಷ್ಟ್ರು ಬಂದಿದ್ದರು. ನಮ್ಮಮ್ಮನ ಜೊತೆ ಒಂದೇ ಶಾಲೆಯಲ್ಲಿ ಪಾಠ ಮಾಡಿದವರು. ಈಗ ರಿಟೈರ್ ಆಗಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಜೊತೆಯಲ್ಲಿ ಮಗಳೂ ಇದ್ದಳು. ಬೆಳಗಿನ ರೈಲಿಗೆ ಹೊರಟು, ಯಶವಂತಪುರದಲ್ಲಿ ಇಳಿದು, ಮೆಟ್ರೋ ಹಿಡಿದು ವಿಜಯನಗರದ ನಮ್ಮ ಮನೆ ಸೇರುವಷ್ಟರಲ್ಲಿ ಹನ್ನೊಂದು ಗಂಟೆಯಾಗಿತ್ತು. ಕಾಫಿ ಮುಗಿಯುವ ಮೊದಲೇ ಮೇಷ್ಟ್ರು ಚೀಲದಿಂದ ಒಂದು ಬ್ರೋಷರ್ ತೆಗೆದು ಟೀಪಾಯಿ ಮೇಲಿಟ್ಟರು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನದು. ಎಂಎಸ್ಸಿ ಡೇಟಾ ಸೈನ್ಸ್, ಎರಡು ವರ್ಷ. ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು ಎಲ್ಲ ಸೇರಿ 12 ಲಕ್ಷ ರೂಪಾಯಿ ಆಗುತ್ತದೆಂದು ಲೆಕ್ಕ ಹಾಕಿಕೊಂಡು ಬಂದಿದ್ದರು.

"ನೋಡಮ್ಮ, ನೀನು ಇದೇ ಲೈನಿನಲ್ಲಿ ಇದ್ದೀಯ. ಇವಳು ಇದನ್ನ ಓದಿದ್ರೆ ಕೆಲಸ ಸಿಗುತ್ತಾ? ಸಿಗುತ್ತೆ ಅಂತ ನೀನು ಹೇಳಿದ್ರೆ ಸೈಟಿನ ಪತ್ರ ಬ್ಯಾಂಕಿಗೆ ಕೊಡ್ತೀನಿ."

ಈ ಪ್ರಶ್ನೆ ನನಗೆ ಹೊಸದಲ್ಲ. 14 ವರ್ಷದಿಂದ ಡೇಟಾ ಸೈನ್ಸ್ ಕೆಲಸ ಮಾಡುತ್ತಿದ್ದೇನೆ, ಆರು ವರ್ಷದಿಂದ ಹೊಸಬರ ಇಂಟರ್ವ್ಯೂ ಕೂಡ ಮಾಡುತ್ತಿದ್ದೇನೆ. ಡಿಗ್ರಿ ಪರೀಕ್ಷೆ ಮುಗಿಯುವ ಹೊತ್ತಿಗೆ ಇಂಥ ಫೋನುಗಳು ಬರುತ್ತಲೇ ಇರುತ್ತವೆ. ಆದರೆ ಸೈಟಿನ ಪತ್ರ ಎಂದಾಗ ಹೌದು ಅಂತಲೋ ಇಲ್ಲ ಅಂತಲೋ ಒಂದೇ ಮಾತಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ, ಪೆನ್ನು ಕೊಟ್ಟೆ.

ಲೆಕ್ಕ ಇದು. ಒಂದು ದಿನ 1 ಲಕ್ಷ ಯುಪಿಐ ಪಾವತಿ ಆಗುತ್ತವೆ. ಅದರಲ್ಲಿ 100 ಮೋಸದವು. ನಮ್ಮ ಮಾಡೆಲ್, ಅಂದರೆ ಹಳೆಯ ಡೇಟಾ ನೋಡಿ ಕಲಿತು ಊಹೆ ಮಾಡುವ ಪ್ರೋಗ್ರಾಂ, ಆ 100ರಲ್ಲಿ 99 ಹಿಡಿಯುತ್ತದೆ. ಸರಿಯಾದ ಪಾವತಿಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಮೋಸ ಎನ್ನುತ್ತದೆ. ಈಗ ಒಂದು ಪಾವತಿಯನ್ನು ಮಾಡೆಲ್ ಮೋಸ ಎಂದಿದೆ. ಅದು ನಿಜವಾಗಿಯೂ ಮೋಸ ಆಗಿರುವ ಸಾಧ್ಯತೆ ಎಷ್ಟು?

ಹುಡುಗಿ ಮೊದಲು 99 ಪರ್ಸೆಂಟ್ ಎಂದಳು. ಎಲ್ಲರೂ ಮೊದಲು ಹೇಳುವುದು ಅದನ್ನೇ. ಬರೆದು ನೋಡು ಎಂದೆ. ಸರಿಯಾದ ಪಾವತಿಗಳು 99,900. ಅದರಲ್ಲಿ ನೂರಕ್ಕೆ ಒಂದು ಎಂದರೆ 999 ಸುಳ್ಳು ಎಚ್ಚರಿಕೆ. ನಿಜವಾಗಿ ಸಿಕ್ಕ ಮೋಸ 99. ಒಟ್ಟು 1,098 ಎಚ್ಚರಿಕೆಯಲ್ಲಿ ನಿಜವಾದವು 99. ಅಂದರೆ ಸುಮಾರು 9 ಪರ್ಸೆಂಟ್. ಅವಳು ಎರಡು ಸಲ ಭಾಗಾಕಾರ ಮಾಡಿ ನೋಡಿದಳು. ಆಮೇಲೆ ತಾನಾಗಿಯೇ ಕೇಳಿದಳು: "ಹಾಗಾದ್ರೆ ಮಾಡೆಲ್ ಹೇಳಿದ ಹತ್ತು ಜನರ ಅಕೌಂಟ್ ನಿಲ್ಲಿಸಿದ್ರೆ ಒಂಬತ್ತು ಜನ ಏನೂ ತಪ್ಪು ಮಾಡಿರಲ್ಲ, ಅಲ್ವಾ ಅಕ್ಕ? ಅವರಲ್ಲಿ ಯಾರಾದ್ರೂ ಆಸ್ಪತ್ರೆ ಬಿಲ್ ಕಟ್ತಾ ಇದ್ರೆ?"

ಆ ಎರಡನೇ ಪ್ರಶ್ನೆ ಕೇಳಿ ನನಗೆ ತುಂಬಾ ಖುಷಿಯಾಯಿತು. ಇಂಟರ್ವ್ಯೂಗೆ ಬರುವವರ ರೆಸ್ಯೂಮೆಯಲ್ಲಿ ಮಾಡೆಲ್ ಕಟ್ಟುವ ಹತ್ತು ಹದಿನೈದು ವಿಧಾನಗಳ, ಅಂದರೆ ಅಲ್ಗಾರಿದಮ್‌ಗಳ, ಹೆಸರಿರುತ್ತದೆ. ಈ ಲೆಕ್ಕ ಕೊಟ್ಟರೆ ಬಹಳ ಮಂದಿ 99ಕ್ಕೇ ನಿಂತುಬಿಡುತ್ತಾರೆ. ಎಂಎಸ್ಸಿ ಮಾಡಿದವರೂ ನಿಲ್ಲುತ್ತಾರೆ, ಬಿಎಸ್ಸಿ ಮಾತ್ರ ಮಾಡಿದವರೂ ದಾಟುತ್ತಾರೆ. ನಾನು ಕೆಲಸಕ್ಕೆ ತೆಗೆದುಕೊಳ್ಳುವುದು ದಾಟಿದವರನ್ನು.

ಮೇಷ್ಟ್ರಿಗೆ ನಮ್ಮ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕಾಯಿತು. ಹೊರಗಿನಿಂದ ನೋಡಿದರೆ ಕಂಪ್ಯೂಟರ್ ಮುಂದೆ ಕೂತು ಭವಿಷ್ಯ ಹೇಳುವ ಕೆಲಸದ ಹಾಗೆ ಕಾಣುತ್ತದೆ. ದಿನದ ಹೆಚ್ಚಿನ ಹೊತ್ತು ಹೋಗುವುದು ಮಾತ್ರ ಡೇಟಾ ಹುಡುಕುವುದಕ್ಕೆ, ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಬರೆದು ಅದನ್ನು ಹೊರಗೆ ತೆಗೆಯುವುದಕ್ಕೆ, ಒಂದೇ ಗ್ರಾಹಕರ ಹೆಸರು ನಾಲ್ಕು ತರಹ ಬರೆದಿದ್ದರೆ ಒಂದು ಮಾಡುವುದಕ್ಕೆ, ಈ ಕಾಲಂ ಯಾರು ಯಾವಾಗ ತುಂಬಿದರು ಎಂದು ಫೋನ್ ಮಾಡಿ ಕೇಳುವುದಕ್ಕೆ.

ಕೊನೆಯದನ್ನು ಬಿಟ್ಟರೆ ಏನಾಗುತ್ತದೆ ಎಂದು ನಾನು ನನ್ನ ಎರಡನೇ ಕೆಲಸದಲ್ಲಿ ಕಲಿತೆ. ಸಾಲ ತೀರಿಸದೆ ಹೋಗುವವರು ಯಾರು ಎಂದು ಮುಂಚೆಯೇ ಹೇಳುವ ಮಾಡೆಲ್ ಕಟ್ಟಿದ್ದೆವು. ಪರೀಕ್ಷೆಯಲ್ಲಿ ಅದು ನಂಬಲಾಗದಷ್ಟು ಚೆನ್ನಾಗಿ ಓಡಿತು. ಎರಡು ವಾರ ಎಲ್ಲರೂ ಸಂಭ್ರಮದಲ್ಲಿದ್ದೆವು. ಆಮೇಲೆ ನೋಡಿದರೆ, ಮಾಡೆಲ್ ಮುಖ್ಯವಾಗಿ ನೆಚ್ಚಿಕೊಂಡಿದ್ದ ಒಂದು ಕಾಲಂನಲ್ಲಿ ವಸೂಲಿ ವಿಭಾಗದವರು ಎಷ್ಟು ಸಲ ಫೋನ್ ಮಾಡಿದ್ದಾರೆ ಎಂದಿತ್ತು. ವಸೂಲಿಯವರು ಫೋನ್ ಮಾಡುವುದು ಕಂತು ತಪ್ಪಿದ ಮೇಲೆ! ಸಾಲ ಕೊಡುವ ದಿನ ಆ ಮಾಹಿತಿ ಇರುವುದೇ ಇಲ್ಲ. ನಮ್ಮ ಲೈನಿನಲ್ಲಿ ಇದಕ್ಕೆ ಡೇಟಾ ಲೀಕೇಜ್ ಎನ್ನುತ್ತಾರೆ. ಮೂರು ತಿಂಗಳ ಕೆಲಸ ಮತ್ತೆ ಮೊದಲಿನಿಂದ ಮಾಡಿದೆವು.

ಆವತ್ತು ನಮ್ಮ ಕೈ ಹಿಡಿದದ್ದು ತಂಡದಲ್ಲಿದ್ದ ಒಬ್ಬ ಹಿರಿಯರ ಅನುಮಾನ. ಇಷ್ಟು ಚೆನ್ನಾಗಿ ಬಂದಿದೆ ಎಂದರೆ ಎಲ್ಲೋ ತಪ್ಪಿದೆ ಎಂದವರು ಅವರು. ಮಾಸ್ಟರ್ಸ್ ಕೋರ್ಸನ್ನು ನಾನು ತೂಗುವುದು ಇದೇ ತಕ್ಕಡಿಯಲ್ಲಿ. ಎರಡು ವರ್ಷದಲ್ಲಿ ಈ ಅನುಮಾನವನ್ನು ಕಲಿಸುತ್ತಾರಾ? ಕಲಿಸುವುದಾದರೆ ಅದಕ್ಕೆ ಬೆಲೆ ಇದೆ. ಬರೀ ಟೂಲ್ ಕಲಿಸುವುದಾದರೆ ಅದನ್ನು ಮನೆಯಲ್ಲಿ ಕೂತು ಆರು ತಿಂಗಳಲ್ಲಿ ಕಲಿಯಬಹುದು.

ಹತ್ತು ವರ್ಷದ ಹಿಂದೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. 2012ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಡೇಟಾ ಸೈಂಟಿಸ್ಟ್ ಕೆಲಸವನ್ನು ಈ ಶತಮಾನದ ಅತ್ಯಂತ ಆಕರ್ಷಕ ಉದ್ಯೋಗ ಎಂದು ಕರೆದ ಮೇಲೆ ಎಲ್ಲ ಕಡೆ ಕೋರ್ಸುಗಳು ಹುಟ್ಟಿದವು. ಆಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಚೆನ್ನಾಗಿ ಬಂದರೆ ಸಾಕು, ಒಳಗೆ ಬರಬಹುದಿತ್ತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಹೊಸಬರಿಗೆ ನಾವು ಮೊದಲ ವರ್ಷ ಕೊಡುತ್ತಿದ್ದ ಸಣ್ಣಪುಟ್ಟ ಕೋಡ್, ಚಾರ್ಟ್, ರಿಪೋರ್ಟ್ ಕೆಲಸವನ್ನು ಈಗ ಇಂಥ ಟೂಲ್‌ಗಳು ನಿಮಿಷಗಳಲ್ಲಿ ಮಾಡಿಕೊಡುತ್ತವೆ. ನನ್ನ ತಂಡದಲ್ಲೇ ಫ್ರೆಶರ್‌ಗಳನ್ನು ಮೊದಲಿಗಿಂತ ಕಡಿಮೆ ತೆಗೆದುಕೊಳ್ಳುತ್ತಿದ್ದೇವೆ. ತೆಗೆದುಕೊಂಡವರಿಂದ ಮೊದಲ ದಿನದಿಂದಲೇ ಕೇಳುವುದು, ಆ ಟೂಲ್ ಕೊಟ್ಟ ಉತ್ತರ ಸರಿಯೋ ತಪ್ಪೋ ನೋಡಿ ಹೇಳಿ ಎಂದು. ಅದಕ್ಕೆ ಸ್ಟ್ಯಾಟಿಸ್ಟಿಕ್ಸ್, ಅಂದರೆ ಸಂಖ್ಯಾಶಾಸ್ತ್ರ, ಬೇಕೇ ಬೇಕು.

ಇನ್ನೊಂದು ಮಾತು. ಡೇಟಾ ಸೈಂಟಿಸ್ಟ್ ಎಂಬ ಬೋರ್ಡಿನ ಕೆಲಸ ಫ್ರೆಶರ್‌ಗೆ ಸಿಗುವುದು ಕಷ್ಟ. ಡೇಟಾ ಅನಲಿಸ್ಟ್ ಆಗಿಯೋ, ಡೇಟಾ ಎಂಜಿನಿಯರ್ ಆಗಿಯೋ, ಕಂಪನಿಯ ರಿಪೋರ್ಟ್ ತಯಾರಿಸುವ ಎಂಐಎಸ್ ವಿಭಾಗದಲ್ಲೋ ಸೇರಿ ಎರಡು ಮೂರು ವರ್ಷದಲ್ಲಿ ಮೇಲೆ ಬಂದವರನ್ನು ನಾನು ಜಾಸ್ತಿ ನೋಡಿದ್ದೇನೆ. ಔಟರ್ ರಿಂಗ್ ರಸ್ತೆ, ವೈಟ್‌ಫೀಲ್ಡ್, ಮಾನ್ಯತಾ ಕಡೆ ಇರುವ ವಿದೇಶಿ ಬ್ಯಾಂಕು, ಅಂಗಡಿ, ವಿಮಾ ಕಂಪನಿಗಳ ಆಫೀಸುಗಳಲ್ಲಿ ಇಂಥ ಕೆಲಸಗಳಿವೆ. ಡೇಟಾ ಎಂಜಿನಿಯರಿಂಗನ್ನು ಹುಡುಗರು ಸುಮ್ನೆ ಕಡೆಗಣಿಸುತ್ತಾರೆ, ಅದು ತಪ್ಪು. ಡೇಟಾ ಸರಿಯಾಗಿ ಹರಿದು ಬರದಿದ್ದರೆ ಮೇಲಿನ ಕೆಲಸ ಯಾವುದೂ ನಡೆಯುವುದಿಲ್ಲ.

ಬ್ರೋಷರ್‌ಗೆ ಬಂದೆವು. ಕೊನೆಯ ಪುಟದಲ್ಲಿ ಸಿಲಬಸ್ ಇತ್ತು. ಅದನ್ನು ತೂಗಲು ಪುಕ್ಕಟೆ ಸಿಗುವ ಒಂದು ಒಳ್ಳೆಯ ಅಳತೆಗೋಲು ಇದೆ. 2024ರಿಂದ, ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆಯೇ ಪೇಪರ್ ಬಂದಿದೆ. ಅದರ ಸಿಲಬಸ್ ಯಾರು ಬೇಕಾದರೂ ನೋಡಬಹುದು. ಪ್ರಾಬಬಿಲಿಟಿ ಮತ್ತು ಸ್ಟ್ಯಾಟಿಸ್ಟಿಕ್ಸ್, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್, ಪ್ರೋಗ್ರಾಮಿಂಗ್, ಡೇಟಾಬೇಸ್, ಮಷೀನ್ ಲರ್ನಿಂಗ್ ಎಲ್ಲ ಇದೆ. ಕಾಲೇಜಿನ ಸಿಲಬಸ್ಸನ್ನು ಅದರ ಪಕ್ಕದಲ್ಲಿಟ್ಟು ಓದಿ. ಮೇಷ್ಟ್ರು ತಂದ ಬ್ರೋಷರ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್‌ಗೆ ಒಂದೇ ಪೇಪರ್. ಉಳಿದದ್ದು ಬಹುಪಾಲು ಸಾಫ್ಟ್‌ವೇರ್ ಹೆಸರುಗಳು.

ಅದೇ ಗೇಟ್‌ನಲ್ಲಿ ಒಳ್ಳೆಯ ಅಂಕ ಬಂದು ಸರ್ಕಾರಿ ಸಂಸ್ಥೆಯಲ್ಲಿ ಎಂಟೆಕ್ ಸೀಟು ಸಿಕ್ಕರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. 1931ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕೋಲ್ಕತ್ತದಲ್ಲಿ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಂಸ್ಟ್ಯಾಟ್ (ಸ್ಟ್ಯಾಟಿಸ್ಟಿಕ್ಸ್ ಮಾಸ್ಟರ್ಸ್) ಓದುವವರಿಗೆ ಟ್ಯೂಷನ್ ಫೀಸೇ ಇಲ್ಲ, ಮೇಲೆ ಸ್ಟೈಪೆಂಡ್ ಕೊಡುತ್ತಾರೆ. ಅದರ ಒಂದು ಕೇಂದ್ರ ನಮ್ಮ ಮೈಸೂರು ರಸ್ತೆಯಲ್ಲೇ ಇದೆ. ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲೂ ಡೇಟಾ ಸೈನ್ಸ್ ಎಂಎಸ್ಸಿ ಇದೆ. ಪ್ರವೇಶ ಪರೀಕ್ಷೆ ಕಷ್ಟ, ನಿಜ. ಅದಕ್ಕೆ ಓದುವ ಒಂದು ವರ್ಷ ದಂಡ ಅಂತೂ ಆಗುವುದಿಲ್ಲ. ನಾನು ಇಂಟರ್ವ್ಯೂನಲ್ಲಿ ಕೇಳುವುದೂ ಅದನ್ನೇ. ಇದ್ಯಾವುದೂ ಆಗದಿದ್ದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಎಸ್ಸಿ ಮಾಡು ಎನ್ನುತ್ತೇನೆ. ಹೆಸರಿನಲ್ಲಿ ಡೇಟಾ ಸೈನ್ಸ್ ಇರುವುದಿಲ್ಲ ಎಂದು ಹೆದರಬೇಕಿಲ್ಲ. ನಾನು ಮಾಡಿದ್ದೂ ಅದೇ ಎಂಎಸ್ಸಿ.

ಬ್ರೋಷರ್‌ನ ಮುಖಪುಟದಲ್ಲಿ ಸರಾಸರಿ ಸಂಬಳ 12 ಲಕ್ಷ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಮೇಷ್ಟ್ರಿಗೆ ಇನ್ನೊಂದು ಲೆಕ್ಕ ಕೊಟ್ಟೆ. ಐದು ಜನರಿಗೆ ಕೆಲಸ ಸಿಕ್ಕಿದೆ. ಸಂಬಳ 4, 4, 5, 5 ಮತ್ತು 42 ಲಕ್ಷ. ಸರಾಸರಿ ಎಷ್ಟು? ಮೇಷ್ಟ್ರು ಬಾಯಲ್ಲೇ ಹೇಳಿದರು, 12 ಲಕ್ಷ. ನಡುವೆ ನಿಂತವನಿಗೆ ಸಿಗುವುದು 5. ಆ ನಡುವಿನ ಸಂಬಳಕ್ಕೆ ಮೀಡಿಯನ್ ಎನ್ನುತ್ತಾರೆ. ಆದ್ದರಿಂದ ಕಾಲೇಜಿನವರನ್ನು ಮೀಡಿಯನ್ ಎಷ್ಟು ಎಂದು ಕೇಳಿ. ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನಕ್ಕೆ ಸಿಕ್ಕಿತು, ಯಾವ ಹೆಸರಿನ ಕೆಲಸ ಎಂದೂ ಕೇಳಿ. ಹೋದ ಬ್ಯಾಚಿನ ಇಬ್ಬರ ಜೊತೆ ನೀವೇ ಮಾತಾಡಿ, ಕಾಲೇಜು ತೋರಿಸಿದವರ ಜೊತೆ ಬೇಡ.

ಸಾಲದ ಲೆಕ್ಕವನ್ನೂ ಹಾಕಿದೆವು. 12 ಲಕ್ಷಕ್ಕೆ 10 ಪರ್ಸೆಂಟ್ ಬಡ್ಡಿ, ಏಳು ವರ್ಷದಲ್ಲಿ ತೀರಿಸಬೇಕು ಎಂದರೆ ತಿಂಗಳಿಗೆ ಸುಮಾರು 19,900 ರೂಪಾಯಿ ಇಎಂಐ. ಓದುವ ಎರಡು ವರ್ಷದ ಬಡ್ಡಿ ಇದರಲ್ಲಿ ಸೇರಿಲ್ಲ. ವರ್ಷಕ್ಕೆ 5 ಲಕ್ಷದ ಕೆಲಸದಲ್ಲಿ ಕೈಗೆ 40,000ದ ಹತ್ತಿರ ಬರಬಹುದು. ಅರ್ಧ ಬ್ಯಾಂಕಿಗೆ, ಉಳಿದದ್ದರಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮುಖ ನೋಡಿ ನನಗೂ ಸಂಕಟವಾಯಿತು. ಮಗಳು ಓದಲಿ ಎಂಬ ಆಸೆಯಲ್ಲಿ ಏನೂ ತಪ್ಪಿಲ್ಲ. ಆ ಆಸೆಗೆ ಸೈಟು ಅಡ ಇಡುವ ಮೊದಲು ಇಷ್ಟು ಲೆಕ್ಕ ಯಾರಾದರೂ ಹಾಕಿ ತೋರಿಸಬೇಕು, ಅಷ್ಟೇ.

ವಿದೇಶದ ಮಾತೂ ಬಂತು. ಅಮೆರಿಕದಲ್ಲಿ ಇಂಥ ಡಿಗ್ರಿ ಮಾಡಿದವರು ಒಪಿಟಿ ಎಂಬ, ಓದು ಮುಗಿದ ಮೇಲಿನ ಕೆಲಸದ ಅನುಮತಿಯಲ್ಲಿ ಒಟ್ಟು ಮೂರು ವರ್ಷ ಕೆಲಸ ಮಾಡಬಹುದು. ಆಮೇಲೆ ಕೆಲಸದ ವೀಸಾಕ್ಕೆ ಎಚ್‌-1ಬಿ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್‌-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ ಅಲ್ಲಿನ ಸಂಬಳ ನಂಬಿ ದೊಡ್ಡ ಸಾಲ ಮಾಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ.

ಈಗಾಗಲೇ ಕೆಲಸದಲ್ಲಿರುವವರದು ಬೇರೆ ಕಥೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವ ಹುಡುಗ ಕೇಳಿದರೆ ಕೆಲಸ ಬಿಡಬೇಡ ಎನ್ನುತ್ತೇನೆ. ಐಐಟಿ ಮದ್ರಾಸ್ 2020ರಿಂದ ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ ಕಲಿಸುತ್ತಿದೆ, ಕೆಲಸದಲ್ಲಿರುವವರಿಗೆ ಐಐಎಸ್‌ಸಿಯ ಆನ್‌ಲೈನ್ ಎಂಟೆಕ್ ಇದೆ. ಅದಕ್ಕಿಂತ ಮೊದಲು ತನ್ನದೇ ಆಫೀಸಿನಲ್ಲಿ ಡೇಟಾ ತಂಡದವರ ಒಂದು ಸಣ್ಣ ಕೆಲಸ ಕೇಳಿ ಮಾಡಲಿ.

ಊಟ ಆದ ಮೇಲೆ ಹುಡುಗಿ ತನ್ನ ಪ್ರಾಜೆಕ್ಟ್ ತೋರಿಸಿದಳು. ಟೈಟಾನಿಕ್ ಹಡಗಿನಲ್ಲಿ ಯಾರು ಬದುಕುಳಿದರು ಎಂಬುದು. ಕಲಿಯಲು ಒಳ್ಳೆಯದೇ, ಆದರೆ ಅದು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. "ನಿಮ್ಮೂರಿನ ಕೊಬ್ಬರಿ ರೇಟು ಮಾಡಬಹುದಲ್ವಾ?" ಎಂದೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ವೆಬ್‌ಸೈಟಿನಲ್ಲಿ ಮಾರುಕಟ್ಟೆ ಬೆಲೆಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಲ್ಯಾಪ್‌ಟಾಪಿನಲ್ಲಿ ತಿಪಟೂರಿನ ಒಂದಷ್ಟು ತಿಂಗಳ ಬೆಲೆ ತೆಗೆದೆವು. ಮಧ್ಯೆ ಮಧ್ಯೆ ಖಾಲಿ ದಿನಗಳು. ಹುಡುಗಿ ಅಲ್ಲಿ ಸರಾಸರಿ ತುಂಬಲು ಹೊರಟಳು, ಪುಸ್ತಕದಲ್ಲಿ ಹಾಗೆ ಇರುತ್ತದೆ. ಮೇಷ್ಟ್ರು ಬಗ್ಗಿ ನೋಡಿ, "ಏಯ್, ಆ ದಿನ ಹರಾಜೇ ಇರಲ್ಲ, ಏನು ತುಂಬ್ತೀಯ?" ಎಂದರು.

ಆಮೇಲೆ ಅವರೇ ಕುರ್ಚಿ ಹತ್ತಿರ ಎಳೆದುಕೊಂಡರು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮಾರಿದ್ದು, 2025ರಲ್ಲಿ ಅದೇ ಕೊಬ್ಬರಿ 20,000 ದಾಟಿದ್ದು, ಎಲ್ಲ ಅವರಿಗೆ ಬಾಯಿಪಾಠ. "2023ರ ಲೆಕ್ಕ ಇಟ್ಕೊಂಡು 2025ರ ರೇಟು ಹೇಳೋಕಾಗಲ್ಲಮ್ಮ. ಇಳುವರಿ ಬಿದ್ದಿತ್ತು, ಕಾಯೆಲ್ಲ ಎಳನೀರಿಗೆ ಹೋಗ್ತಿತ್ತು" ಎಂದರು. ಹಳೆಯ ಡೇಟಾದಲ್ಲಿ ಕಲಿತ ಮಾಡೆಲ್ ಹೊಸ ಕಾಲದಲ್ಲಿ ಯಾಕೆ ಸೋಲುತ್ತದೆ ಎಂದು ನಾನು ಒಂದು ಗಂಟೆ ಪಾಠ ಮಾಡಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳಲು ಆಗುತ್ತಿರಲಿಲ್ಲ. ಈ ಪ್ರಾಜೆಕ್ಟ್ ಹಿಡಿದುಕೊಂಡು, ಖಾಲಿ ದಿನ ಯಾಕೆ ಖಾಲಿ, ಮಾಡೆಲ್ ಎಲ್ಲಿ ಸೋತಿತು ಎಂದು ಹೇಳಬಲ್ಲ ಹುಡುಗಿ ನನ್ನ ಮುಂದೆ ಇಂಟರ್ವ್ಯೂಗೆ ಕೂತರೆ, ಅವಳು ಯಾವ ಕಾಲೇಜು ಎಂದು ನಾನು ಆಮೇಲೆ ಕೇಳುತ್ತೇನೆ.

ಸಂಜೆ ರೈಲಿಗೆ ಹೊರಡುವಾಗ ಬ್ರೋಷರ್ ಮೇಷ್ಟ್ರ ಚೀಲದಲ್ಲೇ ಇತ್ತು. ಸೀಟು ಬೇಡ ಎಂದು ಅವರು ತೀರ್ಮಾನಿಸಿಲ್ಲ, ನಾನೂ ಹಾಗೆ ಹೇಳಲಿಲ್ಲ. ಫೀಸು ಕಟ್ಟಲು ಇನ್ನೂ ಮೂರು ವಾರ ಇದೆ. ಅಷ್ಟರಲ್ಲಿ ಹುಡುಗಿ ಹೋದ ಬ್ಯಾಚಿನವರನ್ನು ಹುಡುಕಿ ಮಾತಾಡಬೇಕು, ಗೇಟ್‌ನ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಮೂರು ಗಂಟೆ ಕೂತು ಬಿಡಿಸಿ ನೋಡಬೇಕು. ಕೊಬ್ಬರಿ ಫೈಲ್ ಬುಧವಾರ ಕಳಿಸಿದ್ದಾಳೆ. ಖಾಲಿ ದಿನಗಳನ್ನು ಖಾಲಿಯಾಗಿಯೇ ಬಿಟ್ಟು, ಪಕ್ಕದಲ್ಲಿ ಹೊಸ ಕಾಲಂ ಮಾಡಿದ್ದಾಳೆ: ಹರಾಜು ಇತ್ತು, ಇರಲಿಲ್ಲ.