ಜಾಝ್ ಎಲ್‌ಪಿ: ಮೊದಲ ಪ್ರೆಸಿಂಗೇ ಬೇಕಾ, ಹೊಸದು ಸಾಕಾ?

ಪ್ರಶ್ನೆ: ಹೊಸದಾಗಿ ಟರ್ನ್‌ಟೇಬಲ್ ತಂದಿದ್ದೇನೆ, ಜಾಝ್ ಎಲ್‌ಪಿ ಕೂಡಿಸುವ ಆಸೆ. 1950ರ ದಶಕದ ಆಲ್ಬಮ್ಮುಗಳ ಮೊದಲ ಪ್ರೆಸಿಂಗ್‌ಗೆ, ಅಂದರೆ ಆಲ್ಬಮ್ ಹೊರಬಂದಾಗಲೇ ಒತ್ತಿದ ಪ್ರತಿಗೆ, ಕೇಳುವ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಅದೇ ಆಲ್ಬಮ್ಮಿನ ಹೊಸ ಪ್ರತಿ ಎಷ್ಟೋ ಕಡಿಮೆಗೆ ಸಿಗುತ್ತದೆ. ಒಳಗಿರೋ ಸಂಗೀತ ಒಂದೇ ಅಲ್ವಾ? ಹಳೆಯದಕ್ಕೆ ಅಷ್ಟು ದುಡ್ಡು ಸುರಿಯಬೇಕಾ?

ಉತ್ತರ: ಕೇಳುವುದಕ್ಕೆ ಅಂತಾದರೆ ಬೇಡ. ಒಳ್ಳೆಯ ಹೊಸ ಪ್ರೆಸಿಂಗ್ ತೆಗೆದುಕೊಂಡು ನೆಮ್ಮದಿಯಾಗಿ ಕೇಳಿ. ಆದರೆ ‘ಒಳಗಿರೋದು ಒಂದೇ’ ಅನ್ನೋ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಸ್ಟುಡಿಯೋದಲ್ಲಿ ನುಡಿಸಿದ್ದು ಮೊದಲು ಟೇಪಿಗೆ ಹೋಗುತ್ತದೆ. ಆ ಟೇಪು ಓಡಿಸುತ್ತಾ ಒಬ್ಬ ಎಂಜಿನಿಯರ್ ಮೆದು ಲ್ಯಾಕರ್ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾನೆ. ಅದರಿಂದ ಲೋಹದ ಅಚ್ಚು, ಆ ಅಚ್ಚಿನಿಂದ ನಿಮ್ಮ ಕೈಗೆ ಬರುವ ಎಲ್‌ಪಿ. ಬಾಸ್, ಅಂದರೆ ತಗ್ಗಿನ ಸ್ವರ, ಎಷ್ಟು ಬಿಡಬೇಕು, ಸದ್ದು ಎಷ್ಟು ಜೋರಿರಬೇಕು ಅನ್ನೋದೆಲ್ಲ ಕೊರೆಯುವವನ ಕೈಯಲ್ಲಿದೆ. ಟೇಪು ಒಂದೇ ಆದರೂ ಇಬ್ಬರು ಕೊರೆದರೆ ಎರಡು ಥರ ಕೇಳಿಸುತ್ತದೆ.

ಬ್ಲೂ ನೋಟ್ ಅನ್ನೋ ಜಾಝ್ ರೆಕಾರ್ಡ್ ಕಂಪನಿಯನ್ನೇ ತೆಗೆದುಕೊಳ್ಳಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದದ್ದು. 50ರ ದಶಕದಲ್ಲಿ ಅದರ ಹೆಚ್ಚಿನ ರೆಕಾರ್ಡಿಂಗ್ ಮಾಡಿದವನು ರೂಡಿ ವ್ಯಾನ್ ಗೆಲ್ಡರ್. ಹಗಲು ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಆಪ್ಟೊಮೆಟ್ರಿಸ್ಟ್. ಸಂಜೆಯಾದರೆ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲಿ ಮೈಕು ನಿಲ್ಲಿಸಿ ರೆಕಾರ್ಡಿಂಗ್. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’ 1957ರಲ್ಲಿ ಆ ಹಾಲ್‌ನಲ್ಲೇ ಆಯಿತು. ದೊಡ್ಡ ಸ್ಟುಡಿಯೋ ಕಟ್ಟಿಕೊಂಡು ಇಂಗಲ್‌ವುಡ್ ಕ್ಲಿಫ್ಸ್‌ಗೆ ಹೋದದ್ದು 1959ರಲ್ಲಿ. ಲ್ಯಾಕರ್ ಕೊರೆಯುವ ಕೆಲಸವನ್ನೂ ಅವನೇ ಮಾಡುತ್ತಿದ್ದ. ಆಗ ಜನರ ಮನೆಯಲ್ಲಿದ್ದದ್ದು ಅಗ್ಗದ ಪ್ಲೇಯರ್. ಬಾಸ್ ಜಾಸ್ತಿ ಬಿಟ್ಟರೆ ಮುಳ್ಳು ಗೆರೆಯಿಂದ ಹಾರುತ್ತಿತ್ತು. ಹಾಗಾಗಿ ಬಾಸ್‌ಗೆ ಸ್ವಲ್ಪ ಕಡಿವಾಣ ಹಾಕಿ, ಮೇಲಿನ ಸ್ವರಗಳನ್ನು ಖಡಕ್ಕಾಗಿ, ಜೋರಾಗಿ ಕೊರೆದ. ಆ ಖಡಕ್ ಸದ್ದಿಗೇ ಮರುಳಾಗಿ ದುಡ್ಡು ಸುರಿಯುವವರಿದ್ದಾರೆ. ಬೇಡ ಅನ್ನಲಾರೆ, ಟ್ರಂಪೆಟ್ ಎದುರು ಬಂದು ನಿಂತ ಹಾಗೆ ಇರುತ್ತದೆ. ಆದರೆ ಟೇಪಿನಲ್ಲಿ ಇರುವುದೆಲ್ಲ ಅದರಲ್ಲಿ ಇಲ್ಲ.

2019ರಲ್ಲಿ ಬ್ಲೂ ನೋಟ್ ಹಳೆಯ ಆಲ್ಬಮ್ಮುಗಳನ್ನು ಮತ್ತೆ ಹೊರತರುವ ‘ಟೋನ್ ಪೊಯೆಟ್’ ಅನ್ನೋ ಮಾಲೆ ಶುರು ಮಾಡಿತು. ಇದಕ್ಕೆ ಲ್ಯಾಕರ್ ಕೊರೆದವನು ಕೆವಿನ್ ಗ್ರೇ, ಮೂಲ ಟೇಪಿನಿಂದಲೇ. ಮುಳ್ಳು ಕೂರುವ ಈಗಿನ ಕಾರ್ಟ್ರಿಜ್‌ಗಳು ಬಾಸ್ ತಡೆದುಕೊಳ್ಳುತ್ತವೆ, ಕಡಿವಾಣ ಬೇಕಿಲ್ಲ. ಡಬಲ್ ಬಾಸ್ ನುಡಿಸುವವನ ಬೆರಳು ತಂತಿ ಬಿಟ್ಟ ಸದ್ದು ಸಹ ಬಿಡಿಬಿಡಿಯಾಗಿ ಸಿಗುತ್ತದೆ. ಇನ್ನೂ ಕಡಿಮೆ ಬೆಲೆಗೆ ಅದೇ ಕಂಪನಿಯ ‘ಕ್ಲಾಸಿಕ್ ವಿನೈಲ್’ ಮಾಲೆ ಇದೆ. ಶುರು ಮಾಡುವವರಿಗೆ ನಾನು ಹೇಳೋದು ಅದನ್ನೇ.

ಮೊದಲ ಪ್ರೆಸಿಂಗ್ ಅಂದರೆ ಅಪ್ಪಟ ಸತ್ಯ ಅಂತ ನಂಬಿದವರಿಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ಕಥೆ ಹೇಳಬೇಕು. 1959ರ ಮಾರ್ಚ್ 2ರಂದು ಕೊಲಂಬಿಯಾ ರೆಕಾರ್ಡ್ ಕಂಪನಿಯ ನ್ಯೂಯಾರ್ಕ್ 30ನೇ ಬೀದಿಯ ಸ್ಟುಡಿಯೋದಲ್ಲಿ ಮೊದಲ ಬದಿಯ ಮೂರೂ ತುಣುಕು ರೆಕಾರ್ಡ್ ಆದವು. ಅವತ್ತು ಮುಖ್ಯ ಟೇಪ್ ಯಂತ್ರ ಒಂದಿಷ್ಟು ನಿಧಾನ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಏನಾಗುತ್ತದೆ? ಶ್ರುತಿ ಏರುತ್ತದೆ. ಅಂದರೆ ಮೊದಲ ಬದಿ ಪೂರ್ತಿ ಏರಿದ ಶ್ರುತಿ. ತಟ್ಟೆಯ ಜೊತೆ ವಾದ್ಯ ಹಿಡಿದು ಅಭ್ಯಾಸಕ್ಕೆ ಕೂತವರಿಗೆ ಶ್ರುತಿ ಸೇರುತ್ತಿರಲಿಲ್ಲ. ಎರಡನೇ ಬದಿ ಏಪ್ರಿಲ್ 22ರದ್ದು, ಅದು ಸರಿಯಾಗಿಯೇ ಇತ್ತು. 1992ರಲ್ಲಿ, ಪಕ್ಕದಲ್ಲಿ ಓಡಿಸಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಇದನ್ನು ಸರಿಪಡಿಸಿದರು. ಅಲ್ಲಿಗೆ ಮೂವತ್ತು ವರ್ಷದ ಮೇಲಾಗಿತ್ತು! ಸಂಗ್ರಾಹಕರು ಹುಡುಕಾಡುವ ಮೊದಲ ಪ್ರೆಸಿಂಗಿನಲ್ಲಿ ಇರೋದು ಆ ಏರಿದ ಶ್ರುತಿಯೇ.

ಇನ್ನು, ಕೈಯಲ್ಲಿರುವ ಪ್ರತಿ ಯಾವುದು ಅಂತ ಗೊತ್ತಾಗೋದು ಹೇಗೆ? ಕವರ್ ನಂಬಬೇಡಿ, ಅದನ್ನು ಹಾಗೇ ಮತ್ತೆ ಮುದ್ರಿಸುತ್ತಾರೆ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವೆ ಒಂದು ಬೋಳು ಪಟ್ಟಿ ಇದೆ. ದೀಪದ ಕೆಳಗೆ ತಟ್ಟೆಯನ್ನು ಓರೆಯಾಗಿ ಹಿಡಿದು, ನಿಧಾನ ತಿರುಗಿಸಿ. ನಂಬರಿನ ಜೊತೆ ಗೀಚಿದ ಸಣ್ಣ ಅಕ್ಷರಗಳು ಕಾಣುತ್ತವೆ. ‘ಆರ್‌ವಿಜಿ’ ಅಂತಲೋ ‘ವ್ಯಾನ್ ಗೆಲ್ಡರ್’ ಅಂತಲೋ ಇದ್ದರೆ ಕೊರೆದವನು ಅವನು. ಪಕ್ಕದಲ್ಲಿ ಕಿವಿಯ ಆಕಾರದ ಗುರುತು ಇದ್ದರೆ ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಿದ್ದು. ಅದು ಇಂಗ್ಲಿಷಿನ ‘ಪಿ’ ಅಕ್ಷರವೇ, ಬರೆದ ರೀತಿಗೆ ಕಿವಿ ಥರ ಕಾಣುತ್ತದೆ. ಬ್ಲೂ ನೋಟ್ ಲಿಬರ್ಟಿ ಕಂಪನಿಯ ಕೈಸೇರಿದ ಮೇಲೆ, 1966ರ ಹೊತ್ತಿಗೆ, ಈ ಗುರುತು ನಿಂತುಹೋಯಿತು. ‘ಆರ್‌ವಿಜಿ’ ಇದ್ದು ಕಿವಿ ಇಲ್ಲದಿದ್ದರೆ ಬಹುಮಟ್ಟಿಗೆ ಅದೇ ಅಚ್ಚಿನಿಂದ ಆಮೇಲೆ ಒತ್ತಿದ್ದು. ಸದ್ದು ಹೆಚ್ಚುಕಮ್ಮಿ ಅದೇ, ಬೆಲೆ ಮಾತ್ರ ಎಷ್ಟೋ ಇಳಿಯುತ್ತದೆ. ಹಳೆಯ ಸದ್ದೇ ಬೇಕು ಅನ್ನುವವರು ಇಂಥದ್ದಕ್ಕೆ ಕಣ್ಣಿಡಿ. ಕಿವಿ ಗುರುತಿಗೆ ದುಡ್ಡು ಕೊಡೋದು ಸಂಗ್ರಾಹಕರ ಖುಷಿ.

‘ಪೂರ್ತಿ ಅನಲಾಗ್’, ಅಂದರೆ ಟೇಪಿನಿಂದ ತಟ್ಟೆಯವರೆಗೆ ಎಲ್ಲೂ ಡಿಜಿಟಲ್ ಆಗಿಲ್ಲ, ಅನ್ನೋ ಸ್ಟಿಕರ್ ನೋಡಿಯೂ ಹಿಗ್ಗಬೇಡಿ. ಹಳೆಯ ಆಲ್ಬಮ್ಮುಗಳನ್ನು ಮತ್ತೆ ಹೊರತರುವ ಮೊಬೈಲ್ ಫಿಡೆಲಿಟಿ ಕಂಪನಿ ಎಷ್ಟೋ ತಟ್ಟೆಗಳಿಗೆ ನಡುವೆ ಒಂದು ಡಿಜಿಟಲ್ ಹಂತ ಬಳಸಿದ್ದು 2022ರಲ್ಲಿ ಬಯಲಾಯಿತು. ಅಲ್ಲಿಯವರೆಗೆ ಅವನ್ನೇ ಅನಲಾಗ್ ಅಂತ ಕೊಂಡಾಡಿದವರು ಬೇಕಾದಷ್ಟು ಜನ!

ಹಳೆಯ ತಟ್ಟೆಯ ದೊಡ್ಡ ತಲೆನೋವು ಸವೆತ. ಧೂಳು ತೊಳೆದರೆ ಹೋಗುತ್ತದೆ. ಭಾರದ ತೋಳಿನ ಹಳೆ ಪ್ಲೇಯರ್‌ಗಳು ಅರೆದು ಹಾಕಿದ ಗೆರೆ ಸರಿಹೋಗುವುದಿಲ್ಲ. ಕೊಳ್ಳುವ ಮುಂಚೆ ಬದಿಯ ಕೊನೆಯ ತುಣುಕು ಹಾಕಿಸಿ ಕೇಳಿ. ಸ್ಯಾಕ್ಸೋಫೋನ್ ಜೋರಾದಾಗ ಗರಗರ ಅಂದರೆ ಬಿಟ್ಟುಬಿಡಿ. ಆನ್‌ಲೈನಿನಲ್ಲಿ ತಟ್ಟೆಯ ಸ್ಥಿತಿ ‘ವೆರಿ ಗುಡ್’ ಅಂತ ಬರೆದಿದ್ದರೆ ಖುಷಿಪಡಬೇಡಿ, ಈ ವ್ಯಾಪಾರದಲ್ಲಿ ಅದರ ಅರ್ಥ ಚಟಪಟ ಸದ್ದು ಖಂಡಿತ ಇದೆ ಅಂತ. ‘ವೆರಿ ಗುಡ್ ಪ್ಲಸ್’ಗಿಂತ ಕೆಳಗಿಳಿಯಬೇಡಿ.

ಹಾಗಾದರೆ ಹಳೆಯದನ್ನೇ ಹುಡುಕುವ ತಟ್ಟೆ ಯಾವುದೂ ಇಲ್ವಾ? ನನಗೆ ಇದೆ. 1983ರಲ್ಲಿ ಜರ್ಮನಿಯ ಇಸಿಎಂ ರೆಕಾರ್ಡ್ ಕಂಪನಿ ಹೊರತಂದ ‘ಜ್ಯೋತಿ’. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಲಾವಿದರ ಜೊತೆ ಚಾರ್ಲಿ ಮರಿಯಾನೊ ನುಡಿಸಿದ್ದು. ಜಾಝ್ ಡಬಲ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ ಸ್ಯಾಕ್ಸೋಫೋನ್ ನುಡಿಸಿದ್ದ ಮನುಷ್ಯ, ನಾಗಸ್ವರವನ್ನೂ ಕಲಿತವನು. ಇಲ್ಲಿ ಆರ್.ಎ. ರಮಾಮಣಿಯವರ ಹಾಡುಗಾರಿಕೆ, ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ. ಇಸಿಎಂನ ಆ ಕಾಲದ ಜರ್ಮನ್ ಪ್ರೆಸಿಂಗ್‌ಗಳು ಸದ್ದುಗದ್ದಲ ಇಲ್ಲದ್ದಕ್ಕೆ ಹೆಸರುವಾಸಿ. ಘಟದ ಮೆಲು ಪೆಟ್ಟು ಕೇಳಬೇಕಾದರೆ ಅದು ತುಂಬಾ ಮುಖ್ಯ. ಸಿಕ್ಕರೆ ಮೊದಲು ಗೆರೆ ನೋಡಿ, ಆಮೇಲೆ ಚೌಕಾಸಿ ಮಾಡಿ.