ಹಿನ್ನೆಲೆ ನುಣ್ಣಗೆ ಬ್ಲರ್ ಆಗಬೇಕು: 50 ಎಂಎಂ ಸಾಕಾ, 85 ಬೇಕಾ?

ಓದುಗರ ಪ್ರಶ್ನೆ: ನನ್ನ ಹತ್ತಿರ ನಿಕಾನ್ ಡಿ5600 ಇದೆ. ಜೊತೆಗೆ ಬಂದ 18-55 ಲೆನ್ಸ್‌ನಲ್ಲೇ ಮನೆಯವರ ಫೋಟೊ ತೆಗೆಯುತ್ತೇನೆ. ಹಿಂದೆ ಇರೋದೆಲ್ಲ ಎದ್ದು ಕಾಣುತ್ತೆ. ಹಿನ್ನೆಲೆ ಚೆನ್ನಾಗಿ ಬ್ಲರ್ ಆಗಬೇಕು ಅಂದ್ರೆ 50 ಎಂಎಂ ಎಫ್ 1.8 ಸಾಕಾ, ಇಲ್ಲ ದುಡ್ಡು ಕೂಡಿಸಿ 85 ತಗೊಳ್ಳಲಾ?

ಉತ್ತರ: ನಿಮಗೆ 50 ಸಾಕು. ಆದರೆ ಅಂಗಡಿಗೆ ಹೋಗುವ ಮೊದಲು, ಗೋಡೆಗೆ ಒರಗಿ ನಿಂತವರನ್ನು ನಾಲ್ಕು ಹೆಜ್ಜೆ ಮುಂದಕ್ಕೆ ಕರೆಯಿರಿ. ಹಿನ್ನೆಲೆ ಎಷ್ಟು ದೂರದಲ್ಲಿದೆ ಅನ್ನುವುದರ ಮೇಲೆ ಬ್ಲರ್ ಎಷ್ಟು ನಿಂತಿದೆ ಅಂತ ತಿಳಿದುಕೊಳ್ಳದೆ ಯಾವ ಲೆನ್ಸ್ ತಂದರೂ ಬೇಸರವೇ.

ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಲೆನ್ಸ್‌ನ ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತದೆ. ನಿಮ್ಮ ಲೆನ್ಸ್ 55ರಲ್ಲಿ ಎಫ್ 5.6, ಅಂದರೆ ಸುಮಾರು 10 ಮಿಲಿಮೀಟರ್. 50ರ ಎಫ್ 1.8ಕ್ಕೆ 28. 85ರ ಎಫ್ 1.8ಕ್ಕೆ 47.

ಈಗ ಫೋಟೊದಲ್ಲಿ ತುಂಬಾ ದೂರದ ಒಂದು ಬೀದಿದೀಪ ಇದೆ ಅಂದುಕೊಳ್ಳಿ. ಫೋಕಸ್ ಮುಖದ ಮೇಲಿದ್ದರೆ ಆ ದೀಪ ದುಂಡನೆಯ ಬಿಲ್ಲೆಯಾಗಿ ಹರಡುತ್ತದೆ. ಅದನ್ನು ಮುಖದ ಪಕ್ಕ ಇಟ್ಟು ಅಳೆದರೆ, ಅಗಲ ಸರಿಯಾಗಿ ಆ ಕಿಂಡಿಯಷ್ಟೇ! 50ರಲ್ಲಿ ಹೆಚ್ಚುಕಡಿಮೆ ಒಂದು ಕಣ್ಣಿನಷ್ಟು. 85ರಲ್ಲಿ ಬಾಯಿಯಷ್ಟು. ನಿಮ್ಮ ಈಗಿನ ಲೆನ್ಸ್‌ನಲ್ಲಿ ಬರೀ ಒಂದು ಸೆಂಟಿಮೀಟರ್. ಹಿನ್ನೆಲೆಯ ಪ್ರತಿ ಚುಕ್ಕೆಯೂ ಹೀಗೆ ಹರಡಿ ಒಂದರೊಳಗೊಂದು ಬೆರೆತಾಗಲೇ ನಾವು ಇಷ್ಟಪಡುವ ಆ ನುಣುಪು ಬರುವುದು.

ಆದರೆ ಈ ಪೂರ್ತಿ ಅಗಲ ಸಿಗುವುದು ತುಂಬಾ ದೂರದ ವಸ್ತುವಿಗೆ ಮಾತ್ರ. ಹತ್ತಿರ ಬಂದಷ್ಟೂ ಬಿಲ್ಲೆ ಕುಗ್ಗುತ್ತದೆ. ಕ್ಯಾಮೆರಾದಿಂದ ಮುಖಕ್ಕೆ ಎಷ್ಟು ದೂರವೋ, ಮುಖದಿಂದ ಗೋಡೆಗೂ ಅಷ್ಟೇ ದೂರ ಇದ್ದರೆ ಅರ್ಧಕ್ಕೆ ಇಳಿಯುತ್ತದೆ.

ನಿಮ್ಮ ಕ್ಯಾಮೆರಾದಲ್ಲೇ ನೋಡೋಣ. ಕ್ಯಾಮೆರಾ ಉದ್ದಕ್ಕೆ ಹಿಡಿದು ತಲೆಯಿಂದ ಎದೆಯವರೆಗಿನ ಫೋಟೊ, ಸುಮಾರು 60 ಸೆಂಟಿಮೀಟರ್ ಎತ್ತರದ ಚೌಕಟ್ಟು. 85ಕ್ಕೆ ನೀವು ಎರಡೂಕಾಲು ಮೀಟರ್ ದೂರ ನಿಲ್ಲಬೇಕು. ಗೋಡೆ ಅವರ ಹಿಂದೆ ಅರ್ಧ ಮೀಟರ್‌ನಲ್ಲಿದ್ದರೆ ಬಿಲ್ಲೆ ಬರೀ 8.6 ಮಿಲಿಮೀಟರ್. ಈಗ ನಿಮ್ಮ 18-55 ಅನ್ನೇ 55ಕ್ಕೆ ತಿರುಗಿಸಿ, ಅದೇ ಚೌಕಟ್ಟು ಬರುವಷ್ಟು ಹತ್ತಿರ ಹೋಗಿ. ಹಿನ್ನೆಲೆ 10 ಮೀಟರ್ ಹಿಂದಿರಲಿ. ಆಗಲೂ ಬಿಲ್ಲೆ 8.6! ಗೋಡೆ ಬಿಟ್ಟು ಈಚೆ ಬರುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅದಕ್ಕೇ ಇದನ್ನು ಮೊದಲು ಹೇಳಿದ್ದು.

ಗೋಡೆ ಅಷ್ಟು ಹತ್ತಿರ ಇದ್ದಾಗ 50 ಕೊಡುವುದು 7.6. 85ಕ್ಕೂ ಅದಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುವುದಿಲ್ಲ. ಮದುವೆ ಸ್ಟೇಜಿನಲ್ಲಿ ಜೋಡಿಯ ಬೆನ್ನಿಗೇ ಹೂವಿನ ಅಲಂಕಾರ ಇರುತ್ತದಲ್ವಾ, ಅಲ್ಲಿ 85 ಹಾಕಿದವರಿಗೂ ಅಂಥಾ ಬ್ಲರ್ ಸಿಗದೇ ಇರುವುದು ಇದರಿಂದಲೇ. ಹಿನ್ನೆಲೆ 10 ಮೀಟರ್ ಹಿಂದಿದ್ದಾಗ ಮಾತ್ರ ಮಾತು ಬೇರೆ: 50ರಲ್ಲಿ 24-25, 85ರಲ್ಲಿ 38-39. ಆಗ 85ರ ಫೋಟೊ ನೋಡಿದ ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ನಿಮಗೆ 50 ಯಾಕೆ? ಡಿ5600ರ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಚಿಕ್ಕದು. 'ಫುಲ್ ಫ್ರೇಮ್' ಅನ್ನುವ ದೊಡ್ಡ ಸೆನ್ಸರ್ ಇದಕ್ಕಿಂತ 1.5 ಪಟ್ಟು ಅಗಲ, ಇದನ್ನೇ 1.5 ಪಟ್ಟು ಕ್ರಾಪ್ ಅನ್ನುವುದು. ಅದರಲ್ಲಿ 50 ಹಾಕಿದರೆ ಫುಲ್ ಫ್ರೇಮ್‌ನಲ್ಲಿ 75 ಹಾಕಿದಷ್ಟು ಹತ್ತಿರ ಕಾಣುತ್ತದೆ, ಪೋರ್ಟ್ರೇಟ್‌ಗೆ ಹೇಳಿ ಮಾಡಿಸಿದ್ದು. 85 ಹಾಕಿದರೆ ಸುಮಾರು 128. ನಿಂತವರನ್ನು ಕಾಲಿನವರೆಗೆ ಹಿಡಿಯಲು 85ಕ್ಕೆ ಏಳು ಮೀಟರ್ ಜಾಗ ಬೇಕು, 50ಕ್ಕೆ ನಾಲ್ಕು ಮೀಟರ್ ಚಿಲ್ಲರೆ. ನಮ್ಮ ಮನೆಗಳ ಹಾಲ್‌ನಲ್ಲಿ ಏಳು ಮೀಟರ್ ಎಲ್ಲಿ ತರುವುದು? ಬೆಲೆಯೂ ಎರಡು ಪಟ್ಟಿಗಿಂತ ಜಾಸ್ತಿ. ತೋಟ, ಮೈದಾನ, ಖಾಲಿ ರಸ್ತೆ ಅಂತ ಹೊರಗೇ ಹೆಚ್ಚು ತೆಗೆಯುವವರಾದರೆ ಮಾತ್ರ 85ಕ್ಕೆ ದುಡ್ಡು ಕೂಡಿಸಿ. ಅವರಿಗೆ ಅದು ಖಂಡಿತ ಒಳ್ಳೆಯ ಲೆನ್ಸ್.

ನಿಮ್ಮ ಮನೆಯಲ್ಲಿ 70-300 ಲೆನ್ಸ್ ಸುಮ್ನೆ ಬಿದ್ದಿದ್ದರೆ ಅದನ್ನೂ ಹೊರಗೆ ತೆಗೆಯಿರಿ. 300ರಲ್ಲಿ ಎಫ್ 6.3 ಇದ್ದರೂ ಕಿಂಡಿ 47-48 ಮಿಲಿಮೀಟರ್. ಎಂಟು ಮೀಟರ್ ದೂರ ನಿಂತು, ಹಿನ್ನೆಲೆ ಇನ್ನೂ 10 ಮೀಟರ್ ಹಿಂದೆ ಸಿಕ್ಕರೆ 26ರಷ್ಟು ಬ್ಲರ್ ಬರುತ್ತದೆ. 50ಕ್ಕೆ ಸರಿಸಮ. ಬೆಳಕು ಮಾತ್ರ ಜಾಸ್ತಿ ಬೇಕು.

ಇನ್ನು ನುಣುಪಿನ ವಿಚಾರ. ಬ್ಲರ್ ಜಾಸ್ತಿ ಇದ್ದ ಮಾತ್ರಕ್ಕೆ ನುಣ್ಣಗಿರುತ್ತದೆ ಅಂತಿಲ್ಲ. ಅಡಿಕೆ ತೋಟದಲ್ಲಿ ಮಧ್ಯಾಹ್ನ ಫೋಟೊ ತೆಗೆದು ನೋಡಿ. ಗರಿಗಳ ಸಂದಿಯಿಂದ ಇಣುಕುವ ಆಕಾಶ ನೂರಾರು ಬಿಳಿ ಬಿಲ್ಲೆಗಳಾಗುತ್ತದೆ. ಕೆಲವು ಲೆನ್ಸ್‌ಗಳಲ್ಲಿ ಪ್ರತಿ ಬಿಲ್ಲೆಗೂ ಗೆರೆ ಎಳೆದ ಹಾಗೆ ಹೊಳೆಯುವ ಅಂಚು ಇರುತ್ತದೆ. ಅಂಥ ಲೆನ್ಸ್‌ನಲ್ಲಿ ತೆಳ್ಳನೆಯ ಕಾಂಡ, ಗರಿ ಎಲ್ಲ ಎರಡೆರಡು ಗೆರೆಯಾಗಿ ಕಾಣುತ್ತವೆ. ಮುಖದ ಹಿಂದೆ ಗಲಾಟೆಯೋ ಗಲಾಟೆ. ಬಿಲ್ಲೆಯ ಬೆಳಕು ಒಂದೇ ಸಮ ಇದ್ದರೆ, ಅಥವಾ ಅಂಚಿನ ಕಡೆ ಮೆಲ್ಲಗೆ ಮಂಕಾದರೆ ಅದು ನುಣುಪಾದ ಲೆನ್ಸ್. ಇದಕ್ಕೆಂದೇ ಅಂಚಿನ ಕಡೆ ಕಪ್ಪಾಗುತ್ತಾ ಹೋಗುವ ಫಿಲ್ಟರ್ ಒಳಗೇ ಕೂರಿಸಿದ ಲೆನ್ಸ್‌ಗಳಿವೆ: ಫ್ಯೂಜಿಫಿಲ್ಮ್‌ನ 56 ಎಂಎಂ ಎಪಿಡಿ (2014), ಸೋನಿಯ 100 ಎಂಎಂ ಎಸ್‌ಟಿಎಫ್ (2017). ಸೋನಿಯದು ಎಫ್ 2.8 ಆದರೂ ಒಳಗೆ ಬರುವ ಬೆಳಕು ಎಫ್ 5.6ರಷ್ಟೇ. ನಮ್ಮ ನಿಮ್ಮ ಬಜೆಟ್‌ಗೆ ಇವು ಬೇಡ. ನೆರಳಿನಲ್ಲಿರುವ ಹಸಿರು ಹಿಂದೆ ಬರುವ ಹಾಗೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅರ್ಧ ಕೆಲಸ ಆಗುತ್ತದೆ.

50 ಬಂದ ಮೇಲೆ ಯಾವಾಗಲೂ 1.8ರಲ್ಲೇ ಇಡಬೇಡಿ. ಆ ಎದೆಯವರೆಗಿನ ಫೋಟೊದಲ್ಲಿ ಫೋಕಸ್ ಸಿಗುವ ಆಳ ಸುಮಾರು ಐದು ಸೆಂಟಿಮೀಟರ್. ಅದೇ ಚೌಕಟ್ಟಿಗೆ 85ರಲ್ಲೂ ಅಷ್ಟೇ. ಬರೀ ಮುಖ ತುಂಬಿಸಿದರೆ ಇನ್ನೂ ಕಡಿಮೆ: ಕಣ್ಣು ಸ್ಪಷ್ಟ, ಕಿವಿ ಮಸುಕು. ಸುಮ್ಮನೆ ಕೂರದ ಮಕ್ಕಳಿಗೆ 2.8 ಇಡಿ. ಆಗಲೂ ಕಿಂಡಿ 18 ಮಿಲಿಮೀಟರ್, ನಿಮ್ಮ ಹಳೆಯ ಲೆನ್ಸ್‌ನ ಹತ್ತಿರ ಹತ್ತಿರ ಎರಡು ಪಟ್ಟು.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಲೆನ್ಸ್ ಮೇಲೆ 'ಎಎಫ್-ಎಸ್' ಅಂತ ಇದೆಯಾ ನೋಡಿ. ಡಿ5600ರ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ, ಎಎಫ್-ಎಸ್ ಲೆನ್ಸ್‌ನ ಒಳಗೇ ಅದು ಇರುತ್ತದೆ. ಒಳಗೆ ಮೋಟರ್ ಇಲ್ಲದ ಹಳೆಯ 'ಎಎಫ್-ಡಿ' 50 ಅಗ್ಗಕ್ಕೆ ಸಿಗುತ್ತದೆ, ಆದರೆ ನಿಮ್ಮ ಕ್ಯಾಮೆರಾದಲ್ಲಿ ಅದನ್ನು ಕೈಯಲ್ಲೇ ಫೋಕಸ್ ಮಾಡಬೇಕು. ಕೊಳ್ಳುವ ಮುಂಚೆ ರಾತ್ರಿ ಹೊತ್ತು ದೂರದ ಒಂದು ಬಲ್ಬ್ ಹಿಂದಿರುವ ಹಾಗೆ ಹತ್ತಿರದ ವಸ್ತುವಿಗೆ ಫೋಕಸ್ ಮಾಡಿ ಒಂದು ಫೋಟೊ ತೆಗೆಯಿರಿ. ಆ ಬಿಲ್ಲೆಯನ್ನು ದೊಡ್ಡದು ಮಾಡಿ ಅಂಚು ನೋಡಿ. ಗಾಜಿನ ಮೇಲಿನ ಫಂಗಸ್, ಒಳಗಿನ ಧೂಳೂ ಅದರಲ್ಲೇ ಕಂಡುಬಿಡಬಹುದು.